ಗಾಡಿ ಮಾತು: ಶೆಡ್ಡಿನಲ್ಲಿ ನಿಂತ ಜೀಪು ಕೊಂಡು ಮಾರಬಹುದಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಸ್ವಲ್ಪ ಕಾಫಿ, ಮೆಣಸು ಇದೆ. ಮೆಣಸು ಮಾರಿದ ದುಡ್ಡು 2 ಲಕ್ಷ ಕೈಯಲ್ಲಿದೆ. ಪಕ್ಕದ ಎಸ್ಟೇಟಿನ ಶೆಡ್ಡಿನಲ್ಲಿ 1996ರ ಮಹೀಂದ್ರ ಎಂಎಂ 540 ಜೀಪು ನಾಲ್ಕು ಮಳೆಗಾಲದಿಂದ ನಿಂತಿದೆ. ಫೋರ್ ವೀಲ್ ಗಾಡಿ, ಪ್ಯೂಜೋ ಇಂಜಿನ್. ಟೈರು ಸವೆದಿದೆ, ಹುಡ್ (ಮೇಲಿನ ಬಟ್ಟೆಯ ಹೊದಿಕೆ) ಹರಿದಿದೆ, ಸ್ಟಾರ್ಟ್ ಆಗುವುದಿಲ್ಲ. 1.60 ಲಕ್ಷ ಹೇಳುತ್ತಿದ್ದಾರೆ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇದೆ, ಅವಧಿ 2021ಕ್ಕೆ ಮುಗಿದಿದೆ. ಮಕ್ಕಳಲ್ಲಿ ಒಬ್ಬರು ತೋಟದಲ್ಲಿದ್ದಾರೆ, ಇನ್ನೊಬ್ಬರು ಬೆಂಗಳೂರಿನಲ್ಲಿ. ರಿಪೇರಿ ಮಾಡಿಸಿದರೆ ಆರಾಮಾಗಿ 3 ಲಕ್ಷಕ್ಕೆ ಹೋಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ತಗೊಳ್ಳಬಹುದಾ?
– ಹೆಸರು ಬೇಡ, ಹೆತ್ತೂರು

ಉತ್ತರ: ಈಗಿರುವ ಸ್ಥಿತಿಯಲ್ಲಿ, ಈ ರೇಟಿಗೆ ಬೇಡ. ಆದರೆ ಆ ಜೀಪನ್ನು ಪೂರ್ತಿ ಬಿಟ್ಟುಬಿಡಿ ಅಂತಲೂ ನಾನು ಹೇಳುವುದಿಲ್ಲ. ನೀವು ಇಂಜಿನ್ ಸ್ಟಾರ್ಟ್ ಆಗುವುದಿಲ್ಲ ಅಂತ ಯೋಚನೆ ಮಾಡುತ್ತಿದ್ದೀರಿ. ನನಗೆ ಯೋಚನೆಯಾಗಿರುವುದು ಆರ್‌ಸಿಯದ್ದು.

ಚಿಕ್ಕಮಗಳೂರಿನಲ್ಲಿ ನನ್ನ ಗ್ಯಾರೇಜಿಗೆ ಬರುವ ಹಳೇ ಜೀಪುಗಳಲ್ಲಿ ರಿಪೇರಿ ಆಗದೆ ಗುಜರಿಗೆ ಹೋದದ್ದು ಕಡಿಮೆ. ಎಂಎಂ 540ಗೆ ಇವತ್ತಿಗೂ ಸಾಮಾನು ಸಿಗುತ್ತದೆ, ಕೆಲಸ ಗೊತ್ತಿರುವವರು ಹಾಸನದಲ್ಲೂ ಇದ್ದಾರೆ, ಸಕಲೇಶಪುರದಲ್ಲೂ ಇದ್ದಾರೆ. ಎಲ್ಲ ಸರಿಯಾಗಿದ್ದೂ ಮಾರಾಟ ಆಗದೆ ನಿಂತಿರುವ ಗಾಡಿಗಳದ್ದೆಲ್ಲ ಒಂದೇ ಕಥೆ: ಕಾಗದ ಸರಿ ಇಲ್ಲ.

ನಿಮ್ಮ ಜೀಪಿನದ್ದೇ ಲೆಕ್ಕ ಹಾಕೋಣ. 1996ರ ಗಾಡಿ. 15 ವರ್ಷಕ್ಕೆ, ಅಂದರೆ 2011ಕ್ಕೆ, ಮೊದಲ ಅವಧಿ ಮುಗಿಯಿತು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2016ರಲ್ಲಿ ಯಜಮಾನರು ಮಾಡಿಸಿದ್ದಾರೆ, 2021ರಲ್ಲಿ ಯಾರೂ ಮಾಡಿಸಿಲ್ಲ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರು, ಜೀಪಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ ಆಮೇಲೆ ಇನ್ನೂ ಜಾಸ್ತಿ ಮಾಡಿದ್ದಾರೆ. ಅದಕ್ಕಿಂತ ದೊಡ್ಡ ಹೊರೆ ತಡ ಮಾಡಿದ್ದಕ್ಕೆ ಕಟ್ಟುವ ದುಡ್ಡು. ಅದು ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 6,000. ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದ ಗಾಡಿ ಅಂತ ಯಾರೂ ಬಿಡುವುದಿಲ್ಲ. ಇದರ ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್. ಸಕಲೇಶಪುರದ ಆರ್‌ಟಿಒ ಕಚೇರಿಗೆ ಆರ್‌ಸಿ ಜೆರಾಕ್ಸ್ ತಗೊಂಡು ಹೋಗಿ ಒಟ್ಟು ಎಷ್ಟಾಗುತ್ತದೆ ಅಂತ ಕೌಂಟರಿನಲ್ಲೇ ಕೇಳಿ. ಬ್ರೋಕರ್ ಬಾಯಲ್ಲಿ ಕೇಳಬೇಡಿ. ನನ್ನ ಅಂದಾಜಿಗೆ ಎಲ್ಲ ಸೇರಿ 40 ಸಾವಿರದ ಹತ್ತಿರ ಬರಬಹುದು.

ಇನ್ನು ಹೆಸರಿನ ವಿಷಯ. ತೀರಿಕೊಂಡವರು ಸಹಿ ಹಾಕುವುದಕ್ಕಾಗುವುದಿಲ್ಲ, ಅವರಿಂದ ನೇರವಾಗಿ ನಿಮ್ಮ ಹೆಸರಿಗೆ ವರ್ಗಾವಣೆ ಆಗುವುದಿಲ್ಲ. ಮೊದಲು ಮಕ್ಕಳಲ್ಲಿ ಒಬ್ಬರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ ಬೇಕು, ವಾರಸುದಾರರ ದಾಖಲೆ ಬೇಕು, ಇನ್ನೊಬ್ಬ ಮಗನ ಒಪ್ಪಿಗೆ ಬೇಕು. ತೋಟದಲ್ಲಿರುವ ಮಗ ನಿಮಗೆ ಆತ್ಮೀಯರೇ ಇರಬಹುದು. ಆದರೆ ನೀವು ಬಣ್ಣ ಹೊಡೆಸಿ ಹೊಸ ಟೈರು ಹಾಕಿಸಿದ ಮೇಲೆ ಬೆಂಗಳೂರಿನಲ್ಲಿರುವ ಮಗ, 'ಅಪ್ಪನ ಜೀಪು ಮಾರುವುದಕ್ಕೆ ನಾನು ಒಪ್ಪಿಲ್ಲ' ಅಂದರೆ ನಿಮ್ಮ ದುಡ್ಡಿಗೆ ಯಾರು ದಿಕ್ಕು? ಅಪ್ಪ ಓಡಿಸುತ್ತಿದ್ದ ಜೀಪಿನ ಮೇಲೆ ಮಕ್ಕಳಿಗೆ ಮಮತೆ ಇರುತ್ತದೆ. ಮಾರುವ ಮಾತು ಬಂದಾಗ ಸುಮ್ಮನಿದ್ದವರಿಗೂ ಕೊನೇ ಗಳಿಗೆಯಲ್ಲಿ ಕಣ್ಣು ತುಂಬಿಬರುವುದನ್ನು ನೋಡಿದ್ದೇನೆ. ಅದಕ್ಕೇ ಇಬ್ಬರ ಹತ್ತಿರವೂ ನೀವೇ ಖುದ್ದಾಗಿ ಮಾತಾಡಿ.

ಆದ್ದರಿಂದ ನನ್ನ ಷರತ್ತು ಒಂದೇ. ಆರ್‌ಸಿಯನ್ನು ಮಕ್ಕಳು ತಮ್ಮ ಹೆಸರಿಗೆ ಮಾಡಿಸಿಕೊಂಡು, ನವೀಕರಣ ಮುಗಿಸಿ ಕೊಡಲಿ. ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು, ಅದಕ್ಕೆ ಗಾಡಿ ಓಡಬೇಕು. ಹಾಗಾಗಿ ಓಡುವಷ್ಟು ರಿಪೇರಿಯನ್ನು ನೀವು ಮಾಡಿಸುತ್ತೇನೆ, ಆ ಖರ್ಚನ್ನು ರೇಟಿನಲ್ಲಿ ಮುರಿದುಕೊಳ್ಳುತ್ತೇನೆ ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಇಬ್ಬರು ಮಕ್ಕಳೂ ಸಹಿ ಹಾಕಲಿ. ಇದಕ್ಕೆ ಅವರು ಒಪ್ಪದಿದ್ದರೆ ಕೈಮುಗಿದು ಬನ್ನಿ.

ಒಪ್ಪಿದರೆ ಜೀಪು ನೋಡುವುದಕ್ಕೆ ಹೋಗಿ. ಒಂದು ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಟಾರ್ಚು, ಹಳೇ ಗೋಣಿಚೀಲ ತಗೊಂಡು ಹೋಗಿ. ಹರಿದ ಹುಡ್, ಸವೆದ ಟೈರು, ಮಾಸಿದ ಬಣ್ಣ ನೋಡಿ ಬೇಜಾರಾಗಬೇಡಿ. ನನಗಂತೂ ಇಂಥ ಒರಟು ಗಾಡಿ ಕಂಡರೆ ಧೈರ್ಯ. ಹೊಸ ಬಣ್ಣ ಬಳಿದು ಮಾರುವುದಕ್ಕೆ ನಿಲ್ಲಿಸಿದ ಜೀಪಿನಲ್ಲಿ ತುಕ್ಕು ಎಲ್ಲಿದೆ, ಪುಟ್ಟಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಇದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಗೋಣಿಚೀಲ ಹಾಸಿ ಹಿಂದಿನಿಂದ ಕೆಳಗೆ ತೂರಿ. ತೋಟದ ಜೀಪುಗಳು ವರ್ಷಾನುಗಟ್ಟಲೆ ಗೊಬ್ಬರ ಹೊತ್ತಿರುತ್ತವೆ. ಪೊಟ್ಯಾಷ್ ಅಂದರೆ ಒಂದು ರೀತಿಯ ಉಪ್ಪೇ, ಪೊಟ್ಯಾಸಿಯಂ ಕ್ಲೋರೈಡ್. ಚೀಲದಿಂದ ಉದುರಿದ್ದು ಮಳೆನೀರಿನ ಜೊತೆ ಕರಗಿ ಹಿಂದಿನ ಫ್ಲೋರಿನ ಮೂಲೆಗೆ ಇಳಿಯುತ್ತದೆ, ಅಲ್ಲಿಂದ ಚಾಸಿ ಮೇಲೆ, ಅಂದರೆ ಇಡೀ ಗಾಡಿಯನ್ನು ಹೊತ್ತಿರುವ ಕಬ್ಬಿಣದ ಚೌಕಟ್ಟಿನ ಮೇಲೆ. ಅದಕ್ಕೇ ನಮ್ಮ ಕಡೆಯ ಜೀಪುಗಳು ಮುಂದೆ ಗಟ್ಟಿಯಾಗಿದ್ದು ಹಿಂದೆ ಕೊಳೆತಿರುತ್ತವೆ. ಹಿಂದಿನ ಪ್ಲೇಟ್ ಕಟ್ಟು (ಸ್ಪ್ರಿಂಗ್ ಪಟ್ಟಿಗಳು) ಚಾಸಿಗೆ ಸೇರುವ ಜಾಗದಲ್ಲಿ ಮೆತ್ತಿದ ಮಣ್ಣನ್ನು ಕೆರೆದು ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಿರಿ. ಠಣ್ ಅಂದರೆ ಸರಿ. ದಬ್ ಅಂತ ಸತ್ತ ಸದ್ದು ಬಂದು ತುಕ್ಕಿನ ಪದರ ಉದುರಿದರೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೋದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ಫ್ಲೋರ್ ಕೊಳೆತಿದ್ದರೆ ಹೊಸ ಶೀಟ್ ಹಾಕಬಹುದು. ಚಾಸಿ ಕೊಳೆತ ಗಾಡಿಗೆ ವೆಲ್ಡಿಂಗ್ ಮಾಡಿಸಿ ಬಣ್ಣ ಬಳಿದು ಇನ್ನೊಬ್ಬರಿಗೆ ದಾಟಿಸುವುದು ಅನ್ಯಾಯ. ಬಿಸಿಲೆ ಘಾಟಿ ಇಳಿಯುವಾಗ ಅದರಲ್ಲಿ ಕೂತಿರುವುದು ಯಾರದೋ ಮನೆಯ ಮಕ್ಕಳು.

ಚಾಸಿ ನಂಬರನ್ನು ಅಲ್ಲೇ ಹುಡುಕಿ. ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ತೀಡಿ. ಅಂಕಿಗಳು ಮೂಡುತ್ತವೆ. ಆರ್‌ಸಿಗೆ ಒಂದೊಂದೇ ಅಂಕಿ ತಾಳೆ ನೋಡಿ. ಇಂಜಿನ್ ನಂಬರಿಗೂ ಹೀಗೇ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಪ್ಯೂಜೋ ಇಂಜಿನ್ ಕೆಟ್ಟಾಗ ಬೇರೆ ಗಾಡಿಯ ಇಂಜಿನ್ ಇಳಿಸಿ ಕೂರಿಸಿರುವುದು ಬೇಕಾದಷ್ಟಿದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿದ್ದರೆ ತೊಂದರೆ ಇಲ್ಲ. ಬರೆಸಿಲ್ಲದಿದ್ದರೆ ನವೀಕರಣ ಅಲ್ಲೇ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಗಾಡಿಯನ್ನು ನಮಗೆ ಬೇಕಾದಂತೆ ಬದಲಾಯಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ನೀವೂ ಮಾರುವಾಗ ಚಂದ ಕಾಣಲಿ ಅಂತ ದೊಡ್ಡ ಟೈರು, ಕತ್ತರಿಸಿದ ಬಾಡಿ ಇಂಥದ್ದಕ್ಕೆ ಕೈಹಾಕಬೇಡಿ.

ಇಂಜಿನ್ ವಿಷಯಕ್ಕೆ ಬರೋಣ. ನಾಲ್ಕು ಮಳೆಗಾಲ ನಿಂತ ಇಂಜಿನ್ನಿಗೆ ಬ್ಯಾಟರಿ ಸಿಕ್ಕಿಸಿ ಸೆಲ್ಫ್ ಹೊಡೆಯುವುದಕ್ಕೆ ಯಾರಿಗೂ ಬಿಡಬೇಡಿ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹಿಡಿದುಕೊಂಡಿದ್ದರೆ ಇಂಜಿನ್ ಕೆಟ್ಟುಹೋಗುತ್ತದೆ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂಚೂರು ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟು, ಮಾರನೇ ದಿನ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಒಳ್ಳೇದು. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಈ ಪ್ಯೂಜೋ ಇಂಜಿನ್ನಿಗೆ ಹೀಟರ್ ಕಾಯದೆ ಸ್ಟಾರ್ಟ್ ಆಗುವುದೇ ಕಷ್ಟ. ಸ್ಟಾರ್ಟ್ ಆಗುವುದಿಲ್ಲ ಅನ್ನುವುದಕ್ಕೆ ಕಾರಣ ಅಷ್ಟೇ ಇದ್ದರೂ ಇರಬಹುದು. ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬುಸುಬುಸು ಅಂತ ಒತ್ತಡದಲ್ಲಿ ಹೊಗೆ ಬಂದರೆ ರಿಂಗ್, ಲೈನರ್ ಹೋಗಿದೆ, ಇಂಜಿನ್ ಕೆಲಸ ಬಿದ್ದಹಾಗೇ.

ಫೋರ್ ವೀಲ್ ಇದೆ ಅನ್ನುವುದನ್ನು ಲಿವರ್ ನೋಡಿ ನಂಬಬೇಡಿ. ಮುಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಕ್ಕಕ್ಕಿಟ್ಟು ಓಡಿಸುವವರು ತುಂಬಾ ಜನ. ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಹಾಕಿ ಮುಂದೆ ತಗೊಳ್ಳಿ, ಒಬ್ಬರು ಪಕ್ಕದಲ್ಲಿ ನಿಂತು ಮುಂದಿನ ಚಕ್ರ ಮಣ್ಣು ಕೆರೆಯುತ್ತದಾ ನೋಡಲಿ. ಟಾರು ರಸ್ತೆಯಲ್ಲಿ ಈ ಪರೀಕ್ಷೆ ಮಾಡಬೇಡಿ, ತಿರುವಿನಲ್ಲಿ ಹಿಡಿದುಕೊಂಡು ಗೇರ್‌ಬಾಕ್ಸಿಗೆ ಪೆಟ್ಟು. ಆಮೇಲೆ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಡಿ. ಗೇರ್ ತಾನಾಗಿ ಕಳಚಿದರೆ ಅದರ ಖರ್ಚನ್ನೂ ಬರೆದುಕೊಳ್ಳಿ.

ಈಗ ದುಡ್ಡು. ಟೈರಿಗೆ 22 ಸಾವಿರ, ಬ್ಯಾಟರಿ, ಬ್ರೇಕ್, ಕ್ಲಚ್‌ಗೆ 30 ಸಾವಿರ, ಹುಡ್ ಮತ್ತು ಸೀಟಿಗೆ 15 ಸಾವಿರ, ಟಿಂಕರಿಂಗ್ ಮತ್ತು ಬಣ್ಣಕ್ಕೆ 30 ಸಾವಿರ ಹಿಡಿಯೋಣ. ಒಟ್ಟು 97 ಸಾವಿರ. ಕಾಗದಕ್ಕೆ 40 ಸಾವಿರ. ಅವರು ಹೇಳಿದ 1.60 ಲಕ್ಷ ಸೇರಿದರೆ 2.97 ಲಕ್ಷ ಆಯಿತು, ಅಲ್ವಾ? 3 ಲಕ್ಷಕ್ಕೇ ಮಾರಿದರೂ ನಿಮಗೆ ಉಳಿಯುವುದು ಮೂರು ಸಾವಿರ. ಇಂಜಿನ್ ಬಿಚ್ಚಬೇಕಾಗಿ ಬಂದರೆ ಕೈಯಿಂದಲೇ ಹೋಗುತ್ತದೆ. ನಿಮ್ಮ ಹತ್ತಿರ ಇರುವುದೇ 2 ಲಕ್ಷ, ಉಳಿದದ್ದಕ್ಕೆ ಸಾಲ ಮಾಡಬೇಕು. ಮೆಣಸಿನ ದುಡ್ಡು ಅಂದರೆ ಮುಂದಿನ ಗೊಬ್ಬರ, ಕೂಲಿ, ಮನೆ ಖರ್ಚು ಎಲ್ಲ ಅದರಲ್ಲೇ ಇರುತ್ತದೆ.

ಕಾಗದ ಅವರೇ ಮಾಡಿಸಿಕೊಟ್ಟು, ಚಾಸಿ ಗಟ್ಟಿ ಇದ್ದು, ಇಂಜಿನ್ ತಿರುಗಿದರೆ 1 ಲಕ್ಷದವರೆಗೆ ಹೋಗಿ. ಅದರ ಮೇಲೆ ಬೇಡ. ಆಗ 2 ಲಕ್ಷದೊಳಗೆ ಕೆಲಸ ಮುಗಿಯುತ್ತದೆ. ಮಾರುವ ಕಾಲವನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಹುಡ್ ಜೀಪು ಕೇಳುವವರು ಕಡಿಮೆ. ದಸರಾ ಕಳೆದು, ಅರೇಬಿಕಾ ಹಣ್ಣು ಕುಯ್ಯುವ ಮುಂಚೆ ತೋಟದವರು ಗಾಡಿ ಹುಡುಕುತ್ತಾರೆ. ಕೊಳ್ಳುವ ಮುಂಚೆಯೇ ಸುತ್ತಮುತ್ತ ನಾಲ್ಕು ತೋಟದಲ್ಲಿ ವಿಚಾರಿಸಿ, 'ಕಾಗದ ಸರಿ ಇರುವ 540 ಬಂದರೆ ಎಷ್ಟು ಕೊಡುತ್ತೀರಿ' ಅಂತ. ಅವರು ಹೇಳುವ ರೇಟೇ ನಿಜವಾದ ರೇಟು, ಸ್ನೇಹಿತರು ಹೇಳುವುದಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಜೀಪನ್ನು ಹಳೇ ಗಾಡಿ ವ್ಯಾಪಾರಿಯೊಬ್ಬರಿಗೆ ಕೊಟ್ಟೆವು. ಫಾರಂಗೆ ಸಹಿ ಹಾಕಿಸಿಕೊಂಡು ಹೋದರು. ಈಗ ನಮ್ಮ ಯಜಮಾನರ ಹೆಸರಿಗೆ ದಂಡದ ನೋಟಿಸ್ ಬಂದಿದೆ. ಮಾರಿಯಾದ ಮೇಲೂ ನಮ್ಮ ಜವಾಬ್ದಾರಿಯಾ?
– ಓದುಗರು, ತರೀಕೆರೆ

ಉತ್ತರ: ಆರ್‌ಸಿಯಲ್ಲಿ ಹೆಸರು ಇರುವವರೆಗೆ ನಿಮ್ಮದೇ ಅಮ್ಮಾ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ದಂಡವಾದರೆ ಕಟ್ಟಬಹುದು, ಅಪಘಾತವಾಗಿ ಪರಿಹಾರದ ಕೇಸು ಬಂದರೆ ಆಸ್ತಿಗೇ ಬರುತ್ತದೆ. ಆದ್ದರಿಂದ ಇವತ್ತೇ ಶುರು ಮಾಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ಇದೆಯಾ ನೋಡಿ. ದುಡ್ಡು ಪಡೆದ ಬ್ಯಾಂಕ್ ದಾಖಲೆ, ಡೆಲಿವರಿ ಚೀಟಿ, ಮೆಸೇಜು ಏನಿದೆಯೋ ಜೋಡಿಸಿ ಆರ್‌ಟಿಒಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ವ್ಯಾಪಾರಿಗೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಅವರು ಸ್ಪಂದಿಸದಿದ್ದರೆ ಪೊಲೀಸ್ ಠಾಣೆಗೆ ದೂರು.

ಇನ್ನು ಮುಂದೆ ಮಾರುವವರು ಒಂದು ತಿಳಿದಿರಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳು ಆರ್‌ಟಿಒ ಅಧಿಕೃತ ಪತ್ರ ಪಡೆಯಬೇಕು. ಅಂಥವರಿಗೆ ಗಾಡಿ ಕೊಡುವಾಗ ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಿದರೆ ಆಮೇಲಿನ ಜವಾಬ್ದಾರಿ ಅವರದ್ದೇ. ಅಧಿಕೃತ ಪತ್ರ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮೇಲಿನ ಹೆತ್ತೂರಿನವರಿಗೂ ಇದೇ ಮಾತು: ಒಂದು ಗಾಡಿಯಾದರೂ ಕೊಂಡ ತಕ್ಷಣ ನಿಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಿ. ಸಹಿ ಮಾಡಿದ ಖಾಲಿ ಫಾರಂ ಇಟ್ಟುಕೊಂಡು ಓಡಾಡಬೇಡಿ.

ಪ್ರಶ್ನೆ: ಹಳೇ ಮಾರುತಿ ಜಿಪ್ಸಿ ನೋಡಿದ್ದೇವೆ. 'ಕಿಂಗ್' ಅಂತ ಹೇಳಿ ಜಾಸ್ತಿ ಕೇಳುತ್ತಿದ್ದಾರೆ. ಹೌದೋ ಅಲ್ಲವೋ ತಿಳಿಯುವುದು ಹೇಗೆ?
– ಓದುಗರು, ಮೂಡಿಗೆರೆ

ಉತ್ತರ: ಆರ್‌ಸಿಯಲ್ಲಿ ಸಿಸಿ ನೋಡಿ. 970 ಇದ್ದರೆ ಮೊದಲಿನ ಜಿಪ್ಸಿ, 4 ಗೇರ್. 1298 ಇದ್ದರೆ ಕಿಂಗ್, 5 ಗೇರ್, ಅದು ಬಂದದ್ದು 1996ರಲ್ಲಿ. ಹೊರಗೆ ಅಂಟಿಸಿದ ಸ್ಟಿಕರ್‌ಗೆ ಬೆಲೆ ಕೊಡಬೇಡಿ. ಎರಡೂ ಪೆಟ್ರೋಲೇ, ಎರಡಕ್ಕೂ ಫ್ಲೋರ್ ತುಕ್ಕು ಹಿಡಿಯುವ ಕಾಯಿಲೆ ಇದೆ. ಮ್ಯಾಟ್ ಎತ್ತಿ ನೋಡದೆ ಅಡ್ವಾನ್ಸ್ ಕೊಡಬೇಡಿ.