ಅತ್ತಿಗೆಗೆ ಹೇಳಿಬಿಡಿ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಅವರ ಅತ್ತಿಗೆಗೆ ಅಂಡಾಶಯದ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಎರಡು ಕೀಮೋ ಮುಗಿದ ಮೇಲೆ ಎಡಗಾಲು ಊದಿತು. ವಾಯು ಇರಬೇಕು ಎಂದು ಮನೆಯವರು ನಾಲ್ಕು ದಿನ ಬಿಸಿ ಎಣ್ಣೆ ಹಾಕಿ ನೀವಿದರು. ಐದನೆಯ ದಿನ ಚಿಕ್ಕಮಗಳೂರಿನಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ತೊಡೆಯ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಈಗ ದಿನಕ್ಕೆರಡು ಇಂಜೆಕ್ಷನ್. ಅತ್ತಿಗೆಗೆ ಕ್ಯಾನ್ಸರ್ ಎಂದು ಯಾರೂ ಹೇಳಿಲ್ಲ, ‘ಗಡ್ಡೆ ತೆಗೆದಿದ್ದಾರೆ’ ಎಂದಷ್ಟೇ ಹೇಳಿದ್ದಾರೆ. ಅವರು ಮಲಗಿದ ಮೇಲೆ ಇವರ ಹೆಂಡತಿ ಹೊದಿಕೆ ಸರಿಸಿ ಕಾಲು ನೋಡುತ್ತಾರಂತೆ. ಪತ್ರದಲ್ಲಿ ಕೇಳಿರುವುದು ಎರಡು ಪ್ರಶ್ನೆ: ಆಪರೇಷನ್‌ನಲ್ಲಿ ಏನಾದರೂ ತಪ್ಪಾಯಿತೇ? ಊತ ಇಳಿದರೆ ಇಂಜೆಕ್ಷನ್ ನಿಲ್ಲಿಸಬಹುದೇ? ಕೊನೆಗೆ ಒಂದು ಆಕ್ಷೇಪ: “ರೋಗಿಗೆ ಎಲ್ಲವನ್ನೂ ಹೇಳಬೇಕೆಂದು ನೀವು ಬರೆಯುತ್ತೀರಿ. ಕ್ಯಾನ್ಸರ್ ಬಂದವರಿಗೆ ಇನ್ನೊಂದು ಹೆದರಿಕೆ ಯಾಕೆ ಸ್ವಾಮಿ?”

ಮಾನ್ಯರೇ,

ಮೊದಲು ಆಪರೇಷನ್ ವಿಚಾರ. ಹೆಪ್ಪು ಕಂಡಿತು ಎಂದ ಮಾತ್ರಕ್ಕೆ ಸರ್ಜನ್ ತಪ್ಪು ಮಾಡಿದರು ಎಂದಾಗುವುದಿಲ್ಲ. ಕ್ಯಾನ್ಸರ್ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಸುಮಾರು 4ರಿಂದ 7 ಪಟ್ಟು ಹೆಚ್ಚು. ಹೆಪ್ಪು ಎಂಬ ಮಾತು ನಮ್ಮ ಅಡುಗೆಮನೆಯದೇ. ಉಗುರುಬೆಚ್ಚಗಿನ ಹಾಲಿಗೆ ಒಂದು ತೊಟ್ಟು ಮಜ್ಜಿಗೆ ಬಿಟ್ಟು ಅಲ್ಲಾಡಿಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ಕ್ಯಾನ್ಸರ್ ಕಣಗಳ ಮೈಮೇಲೆ ಟಿಷ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇರುತ್ತದೆ. ಗಾಯವಾದಾಗ ಮಾತ್ರ ರಕ್ತಕ್ಕೆ ತಾಗಬೇಕಾದ ಅದನ್ನು ಗಡ್ಡೆಯು ಗಾಯವಿಲ್ಲದೆಯೂ ರಕ್ತಕ್ಕೆ ಬಿಡುತ್ತಿರುತ್ತದೆ. ತೊಟ್ಟು ಮಜ್ಜಿಗೆ ಅದೇ. ಅಲ್ಲಾಡಿಸದೆ ಇಡುವ ಕೆಲಸ ಹಾಸಿಗೆಯದು: ಮೀನಖಂಡ ಹಿಂಡಿಕೊಂಡಾಗಲೇ ಕಾಲಿನ ರಕ್ತ ಮೇಲೇರುವುದು, ಮಲಗಿದವರಲ್ಲಿ ಅದು ಹಿಂಡಿಕೊಳ್ಳುವುದಿಲ್ಲ. ಜೊತೆಗೆ ಕೀಮೋ ಔಷಧಿ ನಾಳದ ಒಳಗೋಡೆಗೆ ಪೆಟ್ಟು ಕೊಡುತ್ತದೆ, ಹೊಟ್ಟೆಯೊಳಗಿನ ಗಡ್ಡೆ ಕಾಲಿನಿಂದ ಬರುವ ನಾಳವನ್ನು ಒತ್ತುತ್ತದೆ. ಜಠರ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಈ ಅಪಾಯ ಬಹಳ ಹೆಚ್ಚು. ಶ್ವಾಸಕೋಶ, ಅಂಡಾಶಯ, ಗರ್ಭಕೋಶ, ಮೂತ್ರಕೋಶದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಅದರ ನಂತರ.

ಅಪಾಯ ಯಾರಿಗೆ ಹೆಚ್ಚು ಎಂದು ಮೊದಲೇ ಅಂದಾಜು ಮಾಡಲು ಅಲೋಕ್ ಖೊರಾನಾ ಎಂಬ ವೈದ್ಯರು ಮತ್ತು ಸಂಗಡಿಗರು 2008ರಲ್ಲಿ ಒಂದು ಅಂಕಪಟ್ಟಿ ಕೊಟ್ಟರು. ಅದಕ್ಕೆ ಬೇರೆ ಪರೀಕ್ಷೆಯೇ ಬೇಡ, ಕೀಮೋಗೆ ಮುಂಚೆ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ಸಾಕು. ನೀವು ಕಳಿಸಿದ ಪ್ರತಿಯನ್ನೇ ಇಟ್ಟುಕೊಂಡು ನೋಡೋಣ. ಅಂಡಾಶಯಕ್ಕೆ 1 ಅಂಕ. ಪ್ಲೇಟ್‌ಲೆಟ್ 3,50,000 ಅಥವಾ ಹೆಚ್ಚಿದ್ದರೆ 1, ಅತ್ತಿಗೆಗೆ ಇದ್ದದ್ದು 4,10,000. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ 1, ಅವರದು 9.2. ಬಿಳಿ ರಕ್ತಕಣ 11,000 ದಾಟಿಲ್ಲ, ದಪ್ಪ ಮೈಯೂ ಅಲ್ಲ, ಹಾಗಾಗಿ ಆ ಎರಡಕ್ಕೆ ಅಂಕವಿಲ್ಲ. ಒಟ್ಟು 3, ಅಂದರೆ ಹೆಚ್ಚಿನ ಅಪಾಯದ ಗುಂಪು. 2 ಅಥವಾ ಹೆಚ್ಚು ಅಂಕ ಬಂದವರಿಗೆ, ರಕ್ತಸ್ರಾವದ ಭಯವಿಲ್ಲದಿದ್ದರೆ, ಹೆಪ್ಪು ತಡೆಯುವ ಮಾತ್ರೆಯನ್ನು ಮೊದಲೇ ಕೊಡುವ ಬಗ್ಗೆ ಯೋಚಿಸಬಹುದು ಎನ್ನುತ್ತವೆ ಇಂದಿನ ಮಾರ್ಗಸೂಚಿಗಳು.

ಇನ್ನು ನೀವು ಜೊತೆಗಿಟ್ಟ ಡಿಸ್ಚಾರ್ಜ್ ಚೀಟಿ. ಎರಡನೇ ಪುಟದ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ‘ಎನಾಕ್ಸಪಾರಿನ್ 40 ಮಿ.ಗ್ರಾಂ, ದಿನಕ್ಕೊಮ್ಮೆ, 28 ದಿನ’ ಎಂದಿದೆ. ಹೊಟ್ಟೆಯ ದೊಡ್ಡ ಕ್ಯಾನ್ಸರ್ ಆಪರೇಷನ್ ಆದವರಿಗೆ ಮನೆಗೆ ಹೋದ ಮೇಲೂ ಹೆಪ್ಪು ಕಟ್ಟದಿರಲಿ ಎಂದು ಬರೆಯುವ ಇಂಜೆಕ್ಷನ್ ಅದು. ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಇದೆ: “ಹೊಟ್ಟೆಗೆ ಕೊಡುತ್ತಿದ್ದ ನೋವಿನ ಇಂಜೆಕ್ಷನ್ ಮನೆಗೆ ಬಂದ ಮೇಲೆ ಬೇಕಾಗಲಿಲ್ಲ.” ಅದು ನೋವಿನದಾಗಿರಲಿಲ್ಲ. ಮುಂದುವರಿಸಿದ್ದರೆ ಹೆಪ್ಪು ಖಂಡಿತ ತಪ್ಪುತ್ತಿತ್ತು ಎನ್ನಲಾಗದು, ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ಆದರೆ ಬರೆದವರಿಗೆ ಗೊತ್ತಿದ್ದದ್ದು ಓದಬೇಕಾದವರಿಗೆ ಗೊತ್ತಾಗಲಿಲ್ಲ. ಆ ಒಂದು ಸಾಲನ್ನು ಕನ್ನಡದಲ್ಲಿ ಬರೆಯಲು ಎಷ್ಟು ಹೊತ್ತು ಬೇಕಿತ್ತು? ಕೊಪ್ಪದಿಂದ, ಸಕಲೇಶಪುರದಿಂದ, ಅರಸೀಕೆರೆಯಿಂದ ಹೋದ ರೋಗಿಗೆ ಬಿಲ್ಲಿನ ಮೊತ್ತವನ್ನು ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಔಷಧಿ ಯಾಕೆ ಎಂಬುದನ್ನು ಮಾತ್ರ ಇಂಗ್ಲಿಷಿಗೆ ಬಿಡುತ್ತಾರೆ. ಈ ಪತ್ರಿಕೆ ಇದನ್ನು ಎಷ್ಟು ಸಲ ಬರೆದರೂ ಸಾಲದು.

ಎರಡನೇ ಪ್ರಶ್ನೆ. ಊತ ಇಳಿದ ಕೂಡಲೇ ನಿಲ್ಲಿಸಬೇಡಿ. ಈ ಇಂಜೆಕ್ಷನ್ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವುದು ದೇಹವೇ, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಸಾಮಾನ್ಯವಾಗಿ ಕನಿಷ್ಠ 3ರಿಂದ 6 ತಿಂಗಳು, ಕ್ಯಾನ್ಸರ್ ಅಥವಾ ಕೀಮೋ ನಡೆಯುತ್ತಿರುವವರೆಗೆ ಅದಕ್ಕೂ ಹೆಚ್ಚು. ಖರ್ಚು, ಸೂಜಿಯ ನೋವು ತಡೆಯಲಾಗದಿದ್ದರೆ ಅಪಿಕ್ಸಬಾನ್, ರಿವರೋಕ್ಸಬಾನ್ ಮಾತ್ರೆಗಳಿವೆ. ಅವು ಆಗುತ್ತವೆಯೇ ಎಂದು ಕ್ಯಾನ್ಸರ್ ವೈದ್ಯರನ್ನೇ ಕೇಳಿ. ಕೀಮೋ ವಾಂತಿ ಜೋರಾಗಿದ್ದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಜಠರ, ಕರುಳು, ಮೂತ್ರಕೋಶದಲ್ಲಿ ಗಡ್ಡೆ ಇದ್ದವರಿಗೆ ಈ ಮಾತ್ರೆಯಿಂದ ರಕ್ತಸ್ರಾವ ಹೆಚ್ಚು. ಬೆಳ್ಳುಳ್ಳಿ ತಿಂದರೆ ರಕ್ತ ತೆಳುವಾಗುತ್ತದಂತೆ ಎಂದು ಕೇಳಿದ್ದೀರಿ. ಒಗ್ಗರಣೆಗೆ ಹಾಕಿ, ಔಷಧಿಯ ಬದಲಿಗೆ ಬೇಡ.

ಹೊಟ್ಟೆಯ ತುಂಬ ನೀಲಿ ಕಲೆ ಎಂದಿದ್ದೀರಿ. ಹೆಚ್ಚಿನ ಸಲ ಅದು ಹಾಕುವ ಕ್ರಮದಿಂದ ಬರುತ್ತದೆ. ಹೊಕ್ಕುಳಿನಿಂದ ಎರಡು ಇಂಚು ದೂರ, ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ನಿಧಾನ ಒತ್ತಿ, ಸೂಜಿ ತೆಗೆಯುವ ತನಕ ಮಡಿಕೆ ಬಿಡಬೇಡಿ. ತುಂಬಿಸಿಯೇ ಬರುವ ಸಿರಿಂಜನ್ನು ಪೂರ್ತಿ ಹಾಕುವುದಾದರೆ ಒಳಗಿನ ಗಾಳಿಗುಳ್ಳೆ ಹೊರಹಾಕಬೇಡಿ, ಹಾಗೆ ಮಾಡುವಾಗ ಔಷಧಿಯೂ ಚೆಲ್ಲುತ್ತದೆ. ಮುಖ್ಯವಾಗಿ, ಹಾಕಿದ ಜಾಗವನ್ನು ಉಜ್ಜಬೇಡಿ. ಹೆಪ್ಪು ಕಟ್ಟಿದ ಮೇಲೆ ಎನಾಕ್ಸಪಾರಿನ್ ಪ್ರಮಾಣ ತೂಕದ ಲೆಕ್ಕ: ಕೆ.ಜಿ.ಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ. ಕೀಮೋದಲ್ಲಿ ತೂಕ ಇಳಿದರೆ ಲೆಕ್ಕವೂ ಬದಲಾಗಬೇಕು, ಮೂತ್ರಪಿಂಡ ಸೋತಿದ್ದರೂ ಬದಲಾಗಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದರೆ ಮುಂದಿನ ಸೂಜಿಗೆ ಮೊದಲು ವೈದ್ಯರಿಗೆ ಫೋನ್ ಮಾಡಿ. ಸೊಂಟನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿಸಬೇಡಿ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತಸ್ರಾವ ಇರಬಹುದು, ಕಾಯದೆ ಆಸ್ಪತ್ರೆಗೆ ಹೋಗಿ. ಕಾಲು ನೀವುವುದನ್ನು ಇವತ್ತೇ ಬಿಡಿ, ಹೆಪ್ಪಿನ ತುಂಡು ಕಳಚಿಕೊಂಡರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಈಗ ನಿಮ್ಮ ಆಕ್ಷೇಪಕ್ಕೆ ಬರುತ್ತೇನೆ. ಮುಚ್ಚಿಡುವುದು ಪ್ರೀತಿಯಿಂದಲೇ ಎಂಬುದನ್ನು ಒಪ್ಪುತ್ತೇನೆ. ‘ನನಗೇನೂ ಹೇಳಬೇಡಿ, ನೀವೇ ನೋಡಿಕೊಳ್ಳಿ’ ಎನ್ನುವ ರೋಗಿಗಳೂ ಇದ್ದಾರೆ, ಅವರ ಮಾತಿಗೆ ಬೆಲೆ ಕೊಡಬೇಕು. ಆದರೆ ನಿಮ್ಮ ಮನೆಯಲ್ಲಿ ಅತ್ತಿಗೆಯನ್ನು ಯಾರೂ ಕೇಳಿಯೇ ಇಲ್ಲವಲ್ಲ.

ಹೆಪ್ಪಿನ ಮೊದಲ ಸುದ್ದಿ ತಿಳಿಯುವುದು ರೋಗಿಗೇ. ಒಂದೇ ಕಾಲು ಭಾರ ಎನಿಸುವುದು, ಮೀನಖಂಡ ಬಿಗಿಯುವುದು, ಕೀಮೋ ನಳಿಕೆ ಹಾಕಿದ ತೋಳು ಊದಿ ಬಳೆ ಬಿಗಿಯಾಗುವುದು, ಬಚ್ಚಲಿಗೆ ಹೋಗಿಬಂದರೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು. ಇದರಲ್ಲಿ ಹೊದಿಕೆ ಸರಿಸಿ ನೋಡಿದರೆ ಕಾಣುವುದು ಊತ ಒಂದೇ. ‘ಗಡ್ಡೆ ತೆಗೆದರು, ವಾಸಿಯಾಯಿತು’ ಎಂದು ನಂಬಿದ ಹೆಣ್ಣುಮಗಳು ಉಸಿರು ಕಟ್ಟಿದರೂ ಸುಸ್ತು ಎಂದುಕೊಂಡು, ಯಾರಿಗೂ ತೊಂದರೆ ಬೇಡವೆಂದು ಸುಮ್ಮನೆ ಮಲಗುತ್ತಾಳೆ. ಮಲಗಿದಷ್ಟೂ ಹೆಪ್ಪಿಗೆ ಅನುಕೂಲ.

ಪ್ಯಾರಿಸ್ಸಿನ ವೈದ್ಯ ಅರ್ಮಾಂ ಟ್ರೂಸೋ 1865ರ ಹೊತ್ತಿಗೇ ತನ್ನ ವಿದ್ಯಾರ್ಥಿಗಳಿಗೆ ಕ್ಯಾನ್ಸರ್‌ಗೂ ನಾಳದ ಹೆಪ್ಪಿಗೂ ಇರುವ ನಂಟನ್ನು ಪಾಠ ಮಾಡಿದ್ದ. 1867ರಲ್ಲಿ ತನಗೇ ಅಂಥ ಹೆಪ್ಪು ಕಂಡಾಗ ಒಳಗೆ ಕ್ಯಾನ್ಸರ್ ಇದೆ ಎಂದು ಅವನಿಗೆ ತಿಳಿದುಹೋಯಿತು. ಅದೇ ವರ್ಷ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಕಾಲದಲ್ಲಿ ಇದಕ್ಕೆ ಔಷಧಿ ಇರಲಿಲ್ಲ, ತಿಳಿವಳಿಕೆ ಇತ್ತು. ನಮ್ಮ ಮನೆಗಳಲ್ಲಿ ಔಷಧಿ ಫ್ರಿಜ್ಜಿನ ಪಕ್ಕದಲ್ಲೇ ಇದೆ, ರೋಗಿಗೆ ಮಾತ್ರ ಅದೇನೆಂದು ಗೊತ್ತಿಲ್ಲ.

ಹಾಸನದಲ್ಲಿ 2025ರ ಜೂನ್, ಜುಲೈನಲ್ಲಿ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಂತರು. ಹೃದಯಾಘಾತ ಎಂಬ ಮಾತು ಇವತ್ತು ಹಳ್ಳಿ ಹಳ್ಳಿಗೂ ಗೊತ್ತು. ಕ್ಯಾನ್ಸರ್ ರೋಗಿ ಕುಸಿದುಬಿದ್ದರೂ ‘ಹಾರ್ಟು’ ಎನ್ನುತ್ತೇವೆ, ಅದು ಕಾಲಿನಿಂದ ಶ್ವಾಸಕೋಶಕ್ಕೆ ಏರಿದ ಹೆಪ್ಪು ಇರಬಹುದೇ ಎಂದು ಕೇಳುವವರು ಅಪರೂಪ. ಹೆಸರೇ ಗೊತ್ತಿಲ್ಲದ ಕಾಯಿಲೆಗೆ ಎಚ್ಚರ ಎಲ್ಲಿಂದ ಬರಬೇಕು?

ಹೇಳುವಾಗ ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ನಿಮ್ಮ ಹೆಂಡತಿಯೇ ಹೇಳಲಿ. ‘ಅಕ್ಕಾ, ನಿಮಗಿರುವ ಕಾಯಿಲೆಯ ವಿಚಾರ ಮಾತಾಡಬೇಕು, ಎಷ್ಟು ಹೇಳಲಿ?’ ಎಂದು ಕೇಳಿ ಶುರು ಮಾಡಲಿ. ನಿಮ್ಮಣ್ಣ ಪಕ್ಕದಲ್ಲಿರಲಿ. ಈ ಕಾಯಿಲೆ ಇದ್ದ ಹೆಚ್ಚಿನವರಿಗೆ ಹೆಪ್ಪು ಬರುವುದೇ ಇಲ್ಲ, ಬಂದದ್ದಕ್ಕೆ ಚಿಕಿತ್ಸೆ ಇದೆ ಎಂಬುದನ್ನೂ ಹೇಳಲಿ, ಎರಡೂ ನಿಜ. ವೈದ್ಯರು ಬೇಡ ಎನ್ನದಿದ್ದರೆ ಅತ್ತಿಗೆ ಅಂಗಳದಲ್ಲಿ ದಿನಕ್ಕೆ ನಾಲ್ಕು ಸಲ ನಡೆಯಲಿ. ಕೀಮೋಗೆ ಬೆಂಗಳೂರಿಗೆ ಹೋಗುವಾಗ ಐದಾರು ಗಂಟೆ ಒಂದೇ ಸಮ ಕೂರಿಸಬೇಡಿ. ಹಾಸನದಲ್ಲಿ ಒಮ್ಮೆ, ಚನ್ನರಾಯಪಟ್ಟಣ ದಾಟಿ ಒಮ್ಮೆ ಇಳಿಸಿ ನಡೆಸಿ. ಕೂತಲ್ಲಿ ಪಾದವನ್ನು ಹೊಲಿಗೆ ಮೆಷಿನ್ ತುಳಿದಂತೆ ಆಡಿಸುತ್ತಿರಲಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಕಂಡರೆ ನಾಳೆ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಿ, ಬಂದವರಿಗೆ ‘ಕ್ಯಾನ್ಸರ್ ಇದೆ, ಕಾಲಲ್ಲಿ ಹೆಪ್ಪು ಇತ್ತು’ ಎಂದು ಮೊದಲ ಮಾತಿನಲ್ಲೇ ಹೇಳಿ.

ಮತ್ತೆ ದರ್ಜಿಯ ಟೇಪೊಂದನ್ನು ಅತ್ತಿಗೆಯ ಕೈಗೇ ಕೊಡಿ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆಯಲಿ, ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ. ಇವತ್ತಿನ ಎರಡು ಅಂಕಿ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಇಳಿಯುತ್ತ ಬಂದ ಎಡಗಾಲು ಮತ್ತೆ ಏರಿದರೆ, ಇಲ್ಲವೇ ಬಲಗಾಲು ಊದತೊಡಗಿದರೆ, ಆ ಕ್ಯಾಲೆಂಡರ್ ಹಿಡಿದುಕೊಂಡೇ ಸ್ಕ್ಯಾನಿಗೆ ಹೋಗಿ.