ಟಿವಿ ಚರ್ಚೆಯಲ್ಲಿ ‘ಹಣದುಬ್ಬರ ಇಳಿದಿದೆ’ ಅಂತಾರೆ, ಕೋಲಾರದ ಮಾರ್ಕೆಟ್‌ನಲ್ಲಿ ಬೆಲೆ ಯಾಕೆ ಇಳಿದಿಲ್ಲ?

ಹಣದುಬ್ಬರ ಇಳಿದರೆ ಬೆಲೆ ಇಳಿಯಿತು ಎಂದಲ್ಲ, ಏರುವ ವೇಗ ತಗ್ಗಿತು ಎಂದಷ್ಟೇ. ವರ್ಷದ ಲೆಕ್ಕಾಚಾರದ ಚರ್ಚೆಗಳಲ್ಲಿ ಇದನ್ನು ಬಿಡಿಸಿ ಹೇಳುವವರೇ ಕಡಿಮೆ, ನೋಡುವವರಿಗೆ ಸಿಟ್ಟು ಬರುವುದೂ ಅಲ್ಲೇ. 100 ರೂಪಾಯಿಯ ದಿನಸಿ ಒಂದು ವರ್ಷಕ್ಕೆ 107, ಮರುವರ್ಷ 111 ಆಯಿತೆನ್ನಿ. ಹಣದುಬ್ಬರ ಶೇ 7ರಿಂದ ಶೇ 4ರ ಒಳಗೆ ಬಂತು. ಜೇಬಿನಿಂದ ಮಾತ್ರ 11 ರೂಪಾಯಿ ಹೆಚ್ಚೇ ಹೋಯಿತು.

ಹಣದುಬ್ಬರದ ಲೆಕ್ಕದಲ್ಲಿ ಈ ತಿಂಗಳ ಬೆಲೆಯ ಹೋಲಿಕೆ ನಡೆಯುವುದು ಹಿಂದಿನ ವರ್ಷದ ಅದೇ ತಿಂಗಳ ಜೊತೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ದೇಶದ ಚಿಲ್ಲರೆ ಹಣದುಬ್ಬರ ಶೇ 7.44. 2024ರ ಜುಲೈನಲ್ಲಿ ಅದು ಶೇ 3.54ಕ್ಕೆ ಬಿದ್ದದ್ದಕ್ಕೆ ಆ ಎತ್ತರದ ಬೆಲೆಗಳ ಜೊತೆ ಹೋಲಿಸಿದ್ದೇ ದೊಡ್ಡ ಕಾರಣ.