ಸ್ಕ್ಯಾನ್‌ನಲ್ಲಿ ಕಂಡ ಮಸುಕು ಕಾಯಿಲೆಯೇ?

ಪ್ರಶ್ನೆ: ನನಗೆ 46 ವರ್ಷ, ಎತ್ತರ 158 ಸೆಂ.ಮೀ., ತೂಕ 92 ಕಿಲೋ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ‘ಗ್ರೌಂಡ್ ಗ್ಲಾಸ್’ (ಉಜ್ಜಿದ ಗಾಜಿನಂತಹ) ಮಸುಕಿದೆ, ಐ.ಎಲ್.ಡಿ. (ಶ್ವಾಸಕೋಶದ ಗಾಳಿಚೀಲಗಳ ನಡುವಿನ ಅಂಗಾಂಶ ಊದಿ ಗಡುಸಾಗುವ ಕಾಯಿಲೆ) ಇರಬಹುದು ಎಂದು ವರದಿ ಬಂದಿದೆ. ಅಂದಿನಿಂದ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಹಾಸನ

ಉತ್ತರ: ವರದಿಯಲ್ಲಿರುವುದು ‘ಇರಬಹುದು’ ಎಂಬ ಮಾತು, ಅದನ್ನು ‘ಇದೆ’ ಎಂದು ಓದಿಕೊಂಡು ನಿದ್ದೆಗೆಡಬೇಡಿ. ನಿಮ್ಮ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 37 ಆಗುತ್ತದೆ. ಇಷ್ಟು ಬೊಜ್ಜಿರುವವರು ಅಂಗಾತ ಮಲಗಿದಾಗ ಹೊಟ್ಟೆಯ ಭಾರವು ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಎದೆಯೊಳಕ್ಕೆ ತಳ್ಳುವುದರಿಂದ, ಬೆನ್ನಿನ ಕಡೆಗಿರುವ ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳದೆ ಉಳಿಯಬಹುದು. ಗಾಳಿ ಕಡಿಮೆಯಾದ ಆ ಭಾಗ ಚಿತ್ರದಲ್ಲಿ ಬೆಳ್ಳಗೆ ಮಸುಕಾಗಿ, ಐ.ಎಲ್.ಡಿ.ಯ ಆರಂಭದಂತೆಯೇ ಕಾಣಬಹುದು. ಸಿ.ಟಿ.ಯ ಸಾಂದ್ರತೆಯ ಅಳತೆಯಲ್ಲಿ ಗಾಳಿಗೆ −1000, ನೀರಿಗೆ 0; ತುಂಬು ಉಸಿರೆಳೆದ ಶ್ವಾಸಕೋಶ −850ರ ಆಸುಪಾಸಿನಲ್ಲಿರುತ್ತದೆ. ಉಸಿರು ಅರ್ಧಕ್ಕೇ ನಿಂತರೆ ಅಂಕಿ ನೀರಿನ ಕಡೆಗೆ ಸರಿದು ಮಸುಕು ಹೆಚ್ಚುತ್ತದೆ. ಜೊತೆಗೆ, ದಪ್ಪ ಮೈಯನ್ನು ದಾಟಿ ಬರುವ ಕ್ಷಕಿರಣ ಕಡಿಮೆಯಾದ್ದರಿಂದ, ಯಂತ್ರದ ಕಿರಣವನ್ನು ಅದಕ್ಕೆ ತಕ್ಕಂತೆ ಏರಿಸದಿದ್ದರೆ ಚಿತ್ರ ರವೆರವೆಯಾಗಿ ಬರುತ್ತದೆ.

ಕೂಡಲೇ ಮತ್ತೊಂದು ಸ್ಕ್ಯಾನಿಗೆ ಓಡಬೇಡಿ. ಮೊದಲು ಈ ಸಿ.ಡಿ.ಯನ್ನು ಅನುಭವಿ ಎದೆರೋಗ ತಜ್ಞರಿಗೆ ತೋರಿಸಿ. ಅವರು ಶ್ವಾಸನಾಳದ ಆಕಾರವನ್ನು ಗಮನಿಸುತ್ತಾರೆ: ತುಂಬು ಉಸಿರಿನಲ್ಲಿ ಅದು ದುಂಡಗಿರುತ್ತದೆ, ಉಸಿರು ಬಿಟ್ಟಾಗ ಅದರ ಹಿಂಗೋಡೆ ಚಪ್ಪಟೆಯಾಗಿ ಒಳಕ್ಕೆ ಬಾಗುತ್ತದೆ. ನಿಮ್ಮ ಚಿತ್ರದಲ್ಲಿ ಹಾಗೆ ಬಾಗಿದ್ದರೆ, ಸ್ಕ್ಯಾನ್ ಹೊತ್ತಿಗೆ ಉಸಿರು ಸಾಲಲಿಲ್ಲವೆಂದೇ ಅರ್ಥ. ಆಗಲೂ ಅನುಮಾನ ಉಳಿದರೆ ಬೋರಲು ಮಲಗಿಸಿ, ಕಡಿಮೆ ಕಿರಣದಲ್ಲಿ, ಕೆಳಭಾಗದ ಕೆಲವೇ ಚಿತ್ರಗಳನ್ನು ತೆಗೆಯಬಹುದು. ಭಂಗಿಯಿಂದ ಬಂದ ಮಸುಕು ಬೋರಲಾದಾಗ ತಿಳಿಯಾಗುತ್ತದೆ, ನಿಜವಾದ ಕಾಯಿಲೆಯದು ಅಲ್ಲೇ ಉಳಿಯುತ್ತದೆ. ಜೇನುಗೂಡಿನಂತಹ ತೂತುಗಳೋ ಹಿಗ್ಗಿ ಸೊಟ್ಟಗಾದ ಶ್ವಾಸನಳಿಕೆಗಳೋ ಕಂಡಿದ್ದರೆ ಮಾತ್ರ ವಿಷಯ ಬೇರೆ, ಆಗ ತಡಮಾಡಬಾರದು.

ಏದುಸಿರನ್ನು ಬರೀ ತೂಕದ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೂ ತಪ್ಪು. ಉಸಿರಾಟದ ಪರೀಕ್ಷೆ ಮತ್ತು ಹೃದಯದ ಎಕೋ ಮಾಡಿಸಿ. ರಾತ್ರಿ ಗೊರಕೆ, ಹಗಲು ತೂಕಡಿಕೆ ಇದ್ದರೆ ವೈದ್ಯರಿಗೆ ಮರೆಯದೆ ಹೇಳಿ. ಮತ್ತೆ ಸ್ಕ್ಯಾನ್ ಆಗುವುದಾದರೆ, ಆಳವಾಗಿ ಉಸಿರೆಳೆದು ಹತ್ತು ಎಣಿಸುವವರೆಗೆ ಹಿಡಿಯುವುದನ್ನು ಹಿಂದಿನ ದಿನವೇ ಮನೆಯಲ್ಲಿ ಮಲಗಿ ಅಭ್ಯಾಸ ಮಾಡಿಕೊಳ್ಳಿ.